ಅಡ್ಡಹೆಸರನ್ನು ಅಳಿಸದಿರೋಣ

ಬೆಂಗಳೂರಿನ ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಹೆಬ್ಬಾಗಿಲಿನ ಫಲಕಗಳನ್ನು ಓದುತ್ತ ನಡೆದರೆ ಬಡಿಗೇರ, ಅಂಗಡಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬಂಥ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಧಾರವಾಡ, ವಿಜಯಪುರಗಳ ಕಡೆಯಿಂದ ಉದ್ಯೋಗನಿಮಿತ್ತ ಬಂದು ನೆಲೆಸಿದವರು ತಂದ ಈ ಅಡ್ಡಹೆಸರುಗಳು, ಅವರ ಪೂರ್ವಜರು ಯಾವ ಊರಿನಲ್ಲಿ ಬಾಳಿದರು, ಯಾವ ಕಸುಬಿನಿಂದ ಅನ್ನವನ್ನುಂಡರು ಎಂಬುದಕ್ಕೆ ಉಳಿದಿರುವ ದಾಖಲೆಗಳು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಜನಿಸಿದ್ದು ಸವಣೂರಿನಲ್ಲಿ. ಆದರೂ ಘಟಪ್ರಭೆಯ ದಂಡೆಯ ಊರನ್ನು ಆ ಮನೆತನದ ಹೆಸರು ಬಿಟ್ಟುಕೊಡಲಿಲ್ಲ.

ಆಂಗ್ಲರಲ್ಲಿ ಆರ್ಕ್‌ರೈಟ್ ಎಂಬ ವಿರಳವಾದ ಮನೆತನದ ಹೆಸರೊಂದುಂಟು. ನೂಲುವ ಯಂತ್ರಕ್ಕೆ 1769ರಲ್ಲಿ ಪೇಟೆಂಟ್ ಪಡೆದ ರಿಚರ್ಡ್ ಆರ್ಕ್‌ರೈಟನಿಂದ ಅದು ಲೋಕಪ್ರಸಿದ್ಧವಾಯಿತಾದರೂ ಮೂಲಾರ್ಥದಲ್ಲಿ ಅದು ಮರದ ಪೆಟ್ಟಿಗೆಗಳನ್ನು ಮಾಡುವ ಬಡಗಿಯ ಹೆಸರು, ನಮ್ಮ ಬಡಿಗೇರರ ಸಮೀಪಬಂಧು. ನಮ್ಮ ಬಸವೇಶ್ವರನಗರ ಯಾರ ಹೆಸರನ್ನು ಧರಿಸಿದೆಯೋ ಆ ಮಹಾನುಭಾವನ ಸುತ್ತಲಾದರೋ, ಹನ್ನೆರಡನೆಯ ಶತಮಾನದಲ್ಲಿಯೇ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ ಎಂದು ಕಾಯಕವನ್ನೇ ಹೆಸರಿನ ಮುಂದಿರಿಸಿಕೊಂಡು ತಲೆಯೆತ್ತಿ ನಡೆದ ಶರಣರಿದ್ದರು.

ಇಂದು ಅಂಥ ಅಡ್ಡಹೆಸರುಗಳನ್ನೇ ಕೆಲವರು ಮಕ್ಕಳ ಹೆಸರಿನಿಂದ ಕಿತ್ತುಹಾಕುತ್ತಿರುವುದು ನನಗೆ ಅತೀವ ವ್ಯಥೆಯನ್ನುಂಟುಮಾಡುತ್ತದೆ. ಅಡ್ಡಹೆಸರು ಜಾತಿಯನ್ನು ಬಯಲುಮಾಡುತ್ತದೆಂಬ ಅವರ ಭಯ ನಿರಾಧಾರವಲ್ಲ. ಹೆಸರು ಕೇಳಿದೊಡನೆ ಜಾತಿಯನ್ನು ಅಳೆದು ಬಾಡಿಗೆ ಮನೆಯನ್ನು ನಿರಾಕರಿಸುವವರು ಇನ್ನೂ ಇದ್ದಾರೆ. ಅದಕ್ಕಾಗಿ ನಾಚಬೇಕಾದವರು ಅವರೇ. ಚಂದ್ರಶೇಖರ ಕಂಬಾರರು ತಮ್ಮ ಹೆಸರಿನಲ್ಲಿ ಕುಲುಮೆಯ ಕಸುಬನ್ನು ಉಳಿಸಿಕೊಂಡೇ ಜ್ಞಾನಪೀಠವನ್ನೇರಿದರು.

ಹಳೆಯ ಮೈಸೂರು ಸೀಮೆಯವರ ನಷ್ಟ ಬೇರೆ ಬಗೆಯದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರಿಗೂ ತಂದೆಗೂ ಹೆಸರಿನಲ್ಲಿಯೇ ಸ್ಥಾನವಿತ್ತು. ನಮ್ಮ ವಿಜಯನಗರ, ರಾಜಾಜಿನಗರಗಳ ಮಕ್ಕಳಿಗೆ ಉಳಿದಿರುವುದು ಇನಿಷಿಯಲ್ ಎಂಬ ಒಂಟಿ ಅಕ್ಷರ ಮಾತ್ರ. ಸರ್‌ನೇಮ್ ಎಂಬ ಕಾಲಂ ಎದುರಾದಾಗ ಒಬ್ಬರು ಆ ಅಕ್ಷರವನ್ನೇ ತುಂಬುತ್ತಾರೆ, ಇನ್ನೊಬ್ಬರು ತಂದೆಯ ಹೆಸರನ್ನು. ಹೀಗೆ ಒಂದೇ ಮನೆಯ ಅಜ್ಜ, ಮಗ, ಮೊಮ್ಮಗನಿಗೆ ಮೂರು ಮನೆತನಗಳಾಗುತ್ತವೆ. ಎಲ್ಲರಿಗೂ ಸರ್‌ನೇಮ್ ಇದ್ದೇ ತೀರಬೇಕೆಂಬ ಹಟವನ್ನು ಅರ್ಜಿಗಳನ್ನು ರಚಿಸುವವರು ಬಿಟ್ಟು, ಊರಿನ ಹೆಸರಿಗೂ ತಂದೆತಾಯಿಗಳ ಹೆಸರಿಗೂ ಪ್ರತ್ಯೇಕ ಸ್ಥಳವಿಡುವುದು ನ್ಯಾಯ.

ಅಲ್ಲಿಯವರೆಗೆ, ಮಗುವನ್ನು ಶಾಲೆಗೆ ಸೇರಿಸುವ ಮುನ್ನ, ಆ ಮೊದಲಕ್ಷರ ಯಾವ ಊರಿನದೆಂದು ಮನೆಯ ಹಿರಿಯರನ್ನು ಕೇಳಿ ಪೂರ್ಣವಾಗಿ ಬರೆಯಿಸಿರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ಅದನ್ನು ತಿದ್ದಿಸುವುದು ಸುಲಭವಲ್ಲ.