ಮೂರು ವಾರಗಳ ಮೌನ

ಇನ್ಫೋಸಿಸ್ ಆಡಳಿತದ ಮೇಲೆ 2019ರಲ್ಲಿ ಬಂದ ಅನಾಮಧೇಯ ದೂರುಗಳಿಗೆ ಸಾಕ್ಷ್ಯಾಧಾರವಿಲ್ಲವೆಂದು ಮರುವರ್ಷದ ಜನವರಿಯಲ್ಲಿ ಅದರ ಲೆಕ್ಕಪರಿಶೋಧನಾ ಸಮಿತಿಯು ನಿರ್ಣಯಿಸಿದ್ದರಿಂದ, ಅವನ್ನು ಮೊದಲೇ ಷೇರುದಾರರಿಗೆ ತಿಳಿಸದಿದ್ದುದು ಸರಿಯೇ ಆಯಿತೆಂದು ವಾದಿಸುವ ಮಹನೀಯರು ಪುಣೆಯ ಹಡಪಸರದಲ್ಲಿರುವ ನಮ್ಮ ಮಗರಪಟ್ಟಾದ ಚಹಾದಂಗಡಿಗಳಲ್ಲಿ ಇಂದಿಗೂ ವಿಪುಲವಾಗಿದ್ದಾರೆ. ಮಳೆಯೇ ಬರಲಿಲ್ಲವಾದ್ದರಿಂದ ಮಾಳಿಗೆ ಸೋರುತ್ತಿರಲಿಲ್ಲವೆನ್ನುವ ತರ್ಕವಿದು.

ಸೆಪ್ಟೆಂಬರ್ 30ರಂದು ನಿರ್ದೇಶಕರೊಬ್ಬರ ಕೈಸೇರಿದ ದೂರುಗಳು ಅಕ್ಟೋಬರ್ 10ರಂದು ಸಮಿತಿಯ ಮುಂದೆ ಬಂದವು. ಮರುದಿನವೇ ಕಂಪನಿಯು ತ್ರೈಮಾಸಿಕ ಫಲಿತಾಂಶವನ್ನು ಪ್ರಕಟಿಸಿತು, ದೂರಿನ ಮಾತೆತ್ತಲಿಲ್ಲ. ಪತ್ರಿಕೆಗಳು ಗುಟ್ಟೊಡೆದ 21ರಂದು ಮಹಾರಾಷ್ಟ್ರದ ಚುನಾವಣೆಯ ನಿಮಿತ್ತ ಷೇರುಪೇಟೆಗೆ ರಜೆ. ಹಡಪಸರದ ನಾವು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತಿದ್ದೆವು. ಮರುದಿನ ಷೇರು ಶೇಕಡಾ 16ರಷ್ಟು ಕುಸಿದು, ಸುಮಾರು 53,000 ಕೋಟಿ ರೂಪಾಯಿಯ ಮೌಲ್ಯ ಕರಗಿತು. ಏಕೆ ತಿಳಿಸಲಿಲ್ಲವೆಂದು ಮುಂಬಯಿ ಷೇರುಪೇಟೆ ಕೇಳಿದರೆ, ಇಂಥ ಸಾಮಾನ್ಯ ಸ್ವರೂಪದ ಆರೋಪಗಳನ್ನು ಪ್ರಕಟಿಸಬೇಕೆಂಬ ನಿಯಮವಿಲ್ಲವೆಂಬ ಉತ್ತರ!

ನಿಯಮವಾದರೂ ಎಂಥದು? ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ನಿಯಮಾವಳಿಯ 30ನೆಯ ವಿಧಿಯು ಮಹತ್ವದ ಸಂಗತಿಯನ್ನು 24 ಗಂಟೆಯೊಳಗೆ ಸಾರಬೇಕೆಂದು ಗುಡುಗಿತು. ಆದರೆ ಮಹತ್ವವನ್ನು ಅಳೆಯುವ ನೀತಿಯನ್ನು ಬಹುಮಟ್ಟಿಗೆ ಕಂಪನಿಯೇ ರಚಿಸಿಕೊಳ್ಳಲೆಂದು ಬಿಟ್ಟಿತು. ತೂಗುವವನೂ ಅವನೇ, ತಕ್ಕಡಿಯೂ ಅವನದೇ. 2023ರಲ್ಲಿ ಈ ತಕ್ಕಡಿಗೆ ಕೆಲವು ಅಂಕಿಗಳ ಬಟ್ಟನ್ನು ಕಟ್ಟಿದರೆಂಬುದು ನಿಜ. ಕೊಟ್ಟಿಗೆಗೆ ಅಗಳಿ ಬಿದ್ದದ್ದು ಹಸು ಹೋದ ಮೇಲೆ.

ನಿಯಮವಿಲ್ಲದೆಯೂ ಷೇರುದಾರನಿಗೆ ಸಂಗತಿ ತಿಳಿಯುವುದುಂಟು; ಈ ಮಗರಪಟ್ಟಾವನ್ನೇ ನೋಡಿರಿ. ಸುಮಾರು 120 ರೈತ ಕುಟುಂಬಗಳು 400ಕ್ಕೂ ಮಿಕ್ಕ ಎಕರೆಗಳನ್ನು ಒಟ್ಟುಗೂಡಿಸಿ, ಭೂಮಿಯ ಪ್ರಮಾಣಕ್ಕನುಗುಣವಾಗಿ ಕಂಪನಿಯೊಂದರ ಷೇರು ಪಡೆದು ಕಟ್ಟಿದ ಊರಿದು. ಪೇಟೆಯಲ್ಲಿ ನೋಂದಾಯಿಸಿಕೊಳ್ಳದ ಆ ಕಂಪನಿಗೆ 30ನೆಯ ವಿಧಿಯ ಸೋಂಕಿಲ್ಲ. ಆದರೆ ಷೇರುದಾರನು ತನ್ನ ಆಸ್ತಿ ಏನಾಯಿತೆಂದು ಬಾಲ್ಕನಿಯಿಂದಲೇ ಕಾಣಬಲ್ಲನು. ಇನ್ಫೋಸಿಸ್ ಷೇರು ಹಿಡಿದಿರುವ ಗದಗಿನ ನಿವೃತ್ತ ಉಪಾಧ್ಯಾಯನಿಗೆ ಅಂಥ ಬಾಲ್ಕನಿಯೆಲ್ಲಿ? ಅವನಿಗಿರುವುದು ನೂರಾರು ಪುಟಗಳ ಇಂಗ್ಲಿಷ್ ವಾರ್ಷಿಕ ವರದಿಯೊಂದೇ. ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿಯಿರುವ ಕಂಪನಿ ಫಲಿತಾಂಶದ ಜಾಹೀರಾತನ್ನು ಕನ್ನಡ ಪತ್ರಿಕೆಯೊಂದಕ್ಕೂ ಕೊಡಬೇಕೆಂದಿದ್ದ ನಿಯಮದಿಂದ ಕನ್ನಡಕ್ಕೆ ದಕ್ಕಿದ್ದು ಅಂಕಿಗಳ ಕೋಷ್ಟಕ. ಅದರ ಅರ್ಥ ಇಂಗ್ಲಿಷಿನಲ್ಲಿಯೇ ಉಳಿಯಿತು. ಕನ್ನಡ ನಾಡಿನಲ್ಲಿ ಬೆಳೆದ ಕಂಪನಿಗಳಿಗೆ ಇದು ಲಜ್ಜೆಯ ವಿಷಯವೆಂದು ಯಾವ ನಿರ್ದೇಶಕ ಮಂಡಳಿಗೂ ಅನಿಸಿದಂತಿಲ್ಲ.

ಅಕ್ಟೋಬರ್ 14ರಂದು ಷೇರು ಕೊಂಡವನಿಗೆ ಜನವರಿಯ ನಿರ್ಣಯವನ್ನು ಓದಿ ಹೇಳುವ ಮಹನೀಯರು, ದೂರಿನ ಸಂಗತಿ ತಿಳಿದಿದ್ದರೆ ಆ ದಿನ ಅದೇ ಬೆಲೆಗೆ ತಾವು ಕೊಳ್ಳುತ್ತಿದ್ದರೇ ಎಂಬುದನ್ನು ಮೊದಲು ಹೇಳಲಿ.