ತುಳಸಿ ಹಬ್ಬದ ತನಕ ತುಂಬೆಯನ್ನು ಬಿಡಿ

ಮಹಾಲಯ ಅಮಾವಾಸ್ಯೆಗೆ ಮೂರ್ನಾಲ್ಕು ದಿನ ಇರುವಾಗ ನಮ್ಮ ಬೀದಿಗೆ ಹುಲ್ಲು ಕತ್ತರಿಸುವ ಮಷೀನು ಬರುತ್ತದೆ. ಕುವೆಂಪುನಗರದಲ್ಲಿ ರೂಮು ಹಿಡಿದ ಮೇಲೆ ಇದು ನನ್ನ ಐದನೆಯ ದಸರೆ. ಐದು ವರ್ಷವೂ ತಪ್ಪಿಲ್ಲ. ಬೆಳಗ್ಗೆ ಎಂಟಕ್ಕೆ ಶುರುವಾದರೆ ಹತ್ತರ ಹೊತ್ತಿಗೆ ಚರಂಡಿಯ ಅಂಚು, ಪಾರ್ಕಿನ ಬೇಲಿಯ ಬುಡ, ಎದುರಿನ ಖಾಲಿ ಸೈಟು ಎಲ್ಲವೂ ನುಣ್ಣಗಾಗಿ, ಹಸಿ ಹುಲ್ಲಿನ ವಾಸನೆ ಬೀದಿಯನ್ನು ತುಂಬುತ್ತದೆ. ಕತ್ತರಿಸಿದ ರಾಶಿಯ ಮೇಲೆ ಸ್ವಲ್ಪ ಹೊತ್ತು ಜೇನುನೊಣಗಳು ಸುತ್ತುತ್ತಿರುತ್ತವೆ. ಬಾಡುತ್ತಿರುವ ತುಂಬೆ ಹೂವಿನ ಮೇಲೆ ಕೂತು, ಎದ್ದು, ಮತ್ತೆ ಕೂತು ನೋಡುತ್ತವೆ. ಆಮೇಲೆ ಬರುವುದಿಲ್ಲ.

"ಹಬ್ಬಕ್ಕೆ ಕ್ಲೀನಾಗಿ ಕಾಣ್ಬೇಕಲ್ವೇನವ್ವಾ" ಎಂದರು ಮಷೀನು ಹೆಗಲಿಗೆ ಹಾಕಿಕೊಂಡಿದ್ದ ಅಣ್ಣ, ನಾನು ಹೋಗಿ ಕೇಳಿದ್ದಕ್ಕೆ. ಅವರದ್ದೇನೂ ತಪ್ಪಿಲ್ಲ, ದಿನಗೂಲಿಗೆ ಬಂದವರು. ಆಯುಧಪೂಜೆಯ ದಿನ ಅದೇ ಮಷೀನಿಗೆ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕುತ್ತಾರೆ. ನನ್ನ ಜಗಳವಿರುವುದು ಕ್ಲೀನು ಎಂಬ ಆ ಪದದ ಜೊತೆ. ಅದಕ್ಕೆ ಅರ್ಥ ಕೊಟ್ಟವರು ನಾವು, ಓದಿದವರು, ಕಾಂಪೌಂಡಿನೊಳಗೆ ಇರುವವರು.

ಜೇನು ಉಳಿಸಿ ಎಂದು ಹೇಳುವವರಿಗೇನೂ ಈಗ ಕಮ್ಮಿಯಿಲ್ಲ. ಆದರೆ ಜೇನಿಗೆ ಹಸಿವಾಗುವುದು ಯಾವಾಗ ಎಂದು ಕೇಳಿ ನೋಡಿ, ಬೇಸಿಗೆ ಎನ್ನುತ್ತಾರೆ. ತಪ್ಪು. ನಮ್ಮ ಸೀಮೆಯಲ್ಲಿ ಬೇಸಿಗೆಯೇ ಸುಗ್ಗಿ. ಹೊಂಗೆ, ಬೇವು, ಮಾವು, ನೇರಳೆ ಎಲ್ಲ ಒಂದರ ಹಿಂದೊಂದು ಹೂ ಬಿಡುವುದು ಚಳಿಗಾಲದ ಕೊನೆಯಿಂದ ಮುಂಗಾರಿನ ಹೊಸ್ತಿಲ ತನಕ. ಬರ ಬರುವುದು ಮಳೆಗಾಲದಲ್ಲಿ. ಆಷಾಢ, ಶ್ರಾವಣದಲ್ಲಿ ಮಕರಂದ ತೊಳೆದು ಹೋಗುತ್ತದೆ, ಹೊರಗೆ ಹಾರುವುದಕ್ಕೇ ಬಿಡುವಿರುವುದಿಲ್ಲ. ಜೇನು ಸಾಕುವವರು ಸಕ್ಕರೆ ಪಾಕ ಇಟ್ಟು ಕುಟುಂಬಗಳನ್ನು ಉಳಿಸಿಕೊಳ್ಳುವುದು ಆ ತಿಂಗಳುಗಳಲ್ಲೇ. ಮಳೆ ತಗ್ಗಿ, ಉತ್ತರೆ, ಹಸ್ತದ ಹೊತ್ತಿಗೆ ಬಿಸಿಲು ಕಂಡಾಗ ರಾಣಿ ಮತ್ತೆ ಮೊಟ್ಟೆಯಿಡಲು ಹಿಡಿಯುತ್ತದೆ. ಮೊಟ್ಟೆ ಮರಿಯಾದರೆ ಮರಿಗೆ ಪರಾಗ ಬೇಕು, ಪರಾಗಕ್ಕೆ ಹೂ ಬೇಕು, ಆ ಹೂ ಹತ್ತಿರದಲ್ಲೇ ಇರಬೇಕು. ನಮ್ಮ ತುಡುವೆ ಜೇನು ದೂರ ಹೋಗುವ ಪೈಕಿಯಲ್ಲ. ಅದರ ಹೆಚ್ಚಿನ ಓಡಾಟವೆಲ್ಲ ಒಂದು, ಹೆಚ್ಚೆಂದರೆ ಒಂದೂವರೆ ಕಿಲೋಮೀಟರಿನೊಳಗೆ. ಕೋಲುಜೇನು, ಮುಜಂಟಿಗಳ ಸೀಮೆ ಇನ್ನೂ ಸಣ್ಣದು. ಅಂದರೆ ನಮ್ಮ ಬೀದಿಯ ತುಡುವೆಗೆ ಅಶ್ವಯುಜ ಮಾಸದ ಊಟ ಸಿಗಬೇಕಾದದ್ದು ಬಂಡೀಪುರದಲ್ಲಿ ಅಲ್ಲ, ನಮ್ಮ ಬೀದಿಯಲ್ಲಿ.

ಏನದು ಊಟ? ಎದುರಿನ ಸೈಟಿನಲ್ಲಿ ಮಷೀನು ಬರುವ ಹಿಂದಿನ ದಿನ ನಾನು ಕಂಡದ್ದನ್ನು ಹೇಳುತ್ತೇನೆ. ಮೊಣಕಾಲೆತ್ತರದ ತುಂಬೆ ಇತ್ತು. ಚಿಕ್ಕಂದಿನಲ್ಲಿ ಆ ಬಿಳಿ ಹೂ ಕಿತ್ತು ಬುಡ ಚೀಪಿದವರಿಗೆ ಅದರಲ್ಲಿ ಸಿಹಿ ಇದೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲುದಾರಿಯ ಪಕ್ಕ ಟ್ರೈಡ್ಯಾಕ್ಸ್. ಕೈ ಕೊಯ್ದುಕೊಂಡರೆ ನಮ್ಮಜ್ಜಿ ಹಿಂಡಿ ಹಚ್ಚುತ್ತಿದ್ದ ಸೊಪ್ಪು. ಮೂಲೆಯಲ್ಲಿ ಮುಟ್ಟಿದರೆ ಮುನಿ. ಅದರ ಗುಲಾಬಿ ಗುಂಡಿನಲ್ಲಿ ಹೇಳಿಕೊಳ್ಳುವಂಥ ಮಕರಂದವಿಲ್ಲ, ಪರಾಗ ಮಾತ್ರ; ಬೆಳಗಿನ ಹೊತ್ತು ನೋಡಿದರೆ ನೊಣಗಳ ಕಾಲಿಗೆಲ್ಲ ಪರಾಗದ ಉಂಡೆ. ಪಕ್ಕದ ಮನೆಯ ಗೇಟಿನ ಮೇಲೆ ಆಂಟಿಗೋನಾನ್ ಬಳ್ಳಿ, ಕಾಗದದಂಥ ಗುಲಾಬಿ ಹೂಗೊಂಚಲು. ಹತ್ತಿರ ನಿಂತರೆ ಇಡೀ ಬಳ್ಳಿಯೇ ಗುಂಯ್‌ಗುಡುತ್ತದೆ. ಇವುಗಳ ಜೊತೆಗೆ ವರ್ಷವಿಡೀ ಹೊಂಬಾಳೆ ಬಿಡುವ ತೆಂಗು. ಕುವೆಂಪುನಗರದ ಹಳೆಯ ಮನೆಗಳವರು ಕಾಂಪೌಂಡಿನಲ್ಲಿ ಎರಡೆರಡು ತೆಂಗು ಇಟ್ಟುಕೊಂಡಿರುವುದೇ ಇಲ್ಲಿನ ಜೇನಿಗೆ ರೇಷನ್ ಕಾರ್ಡಿನ ಹಾಗೆ. ಆದರೆ ರೇಷನ್ನಿನಲ್ಲಿ ಬದುಕಬಹುದು, ಸಂಸಾರ ಬೆಳೆಸುವುದು ಕಷ್ಟ.

ನಾನು ಹುಣಸೂರಿನ ಕಡೆಯವಳು. ಅಜ್ಜಿಯ ಕಾಲದಲ್ಲಿ ರಾಗಿ ಹೊಲ ಎಂದರೆ ಬರೀ ರಾಗಿಯಲ್ಲ. ಇಷ್ಟಿಷ್ಟು ಸಾಲಿಗೊಂದು ಅಕ್ಕಡಿ ಸಾಲು: ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ದೀಪಾವಳಿ ಹೊತ್ತಿಗೆ ಹಸಿರು ರಾಗಿಯ ನಡುವೆ ಹುಚ್ಚೆಳ್ಳಿನ ಹಳದಿ ಗೆರೆ ಎಳೆದಂತೆ ಕಾಣುತ್ತಿತ್ತು. ಹುಚ್ಚೆಳ್ಳು ತನ್ನದೇ ಪರಾಗದಿಂದ ಕಾಳು ಕಟ್ಟುವುದಿಲ್ಲ, ಬೇರೆ ಗಿಡದ್ದು ಬರಬೇಕು, ತರುವುದು ಜೇನು. ಚಟ್ನಿಪುಡಿಯ ಋಣ ಅಷ್ಟು ನೇರವಾದದ್ದು. ಈಗ ಊರಿನಲ್ಲಿ ಮುಂಗಾರಿಗೆ ಹೊಗೆಸೊಪ್ಪು. ಎಲೆ ದಪ್ಪವಾಗಲಿ ಎಂದು ಹೂ ಬರುವ ಕುಡಿಯನ್ನೇ ಮುರಿದು ಹಾಕುವ ಬೆಳೆ ಅದು. ಆಮೇಲೆ ರಾಗಿ ಹಾಕಿದರೂ ಅಕ್ಕಡಿ ಸಾಲು ಇಡುವವರು ಅಪರೂಪ. ಹಳ್ಳಿಯ ಹೊಲಕ್ಕಿಂತ ಮೈಸೂರಿನ ಖಾಲಿ ಸೈಟಿನಲ್ಲೇ ಜೇನಿಗೆ ಹೆಚ್ಚು ಹೂ ಸಿಗುವ ಕಾಲ ಬಂದಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅದಕ್ಕೇ ಆ ಸೈಟಿನ ಬಗ್ಗೆ ಇಷ್ಟು ಹೊಟ್ಟೆಯುರಿ.

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲನೆಯದಾಯಿತು. ಕಸ ವಿಂಗಡಣೆ ಮಾಡಿ, ಬೀದಿ ಗುಡಿಸಿ ಪಡೆದ ಹೆಸರು. ಪೌರಕಾರ್ಮಿಕರ ಬೆವರಿನ ಹೆಸರು. ಹೆಮ್ಮೆ ನನಗೂ ಇದೆ. ಆದರೆ ಅದರ ನಂತರ ನಮ್ಮ ಬಡಾವಣೆಗಳ ಜನರ ತಲೆಯಲ್ಲಿ ಕಸ ಮತ್ತು ಗಿಡ ಒಂದೇ ಆಗಿಬಿಟ್ಟವು. ಪ್ಲಾಸ್ಟಿಕ್ ಕವರಿಗೂ ಉತ್ತರಾಣಿ ಗಿಡಕ್ಕೂ ವ್ಯತ್ಯಾಸ ಕಾಣದ ಕಣ್ಣಿಗೆ ಸ್ವಚ್ಛತೆ ಎನ್ನುವುದಾದರೂ ಹೇಗೆ? ಇದು ನಡೆಯುತ್ತಿರುವುದು ಎಂಥಾ ರಸ್ತೆಗಳಲ್ಲಿ ಎನ್ನುವುದನ್ನೂ ನೋಡಿ: ಪಂಚಮಂತ್ರ ರಸ್ತೆ, ಅನಿಕೇತನ ರಸ್ತೆ, ಉದಯರವಿ ರಸ್ತೆ, ವಿಶ್ವಮಾನವ ಜೋಡಿ ರಸ್ತೆ. (ಉದಯರವಿ ಎಂಬ ಮನೆ ಇರುವುದು ಇಲ್ಲಲ್ಲ, ಊರಿನ ಆ ಬದಿಗೆ. ಹೊಸಬರು ಆಟೋ ಹತ್ತಿ ಇಲ್ಲಿ ಹುಡುಕುತ್ತಾರೆ.) ಹಾಡ್ಯ, ಹಳು, ಹಕ್ಕಿ, ಹುಳದ ನಡುವೆ ಬರೆದ ಕವಿಯ ಹೆಸರನ್ನು ಫಲಕಕ್ಕೆ ಬರೆಸಿ, ಆ ಫಲಕದ ಬುಡದಲ್ಲಿ ಒಂದು ತುಂಬೆ ಗಿಡ ನಿಲ್ಲುವುದನ್ನು ಸಹಿಸದವರು ನಾವು.

ಈ ವರ್ಷ ಮಷೀನಿನ ಜೊತೆಗೆ ಇನ್ನೊಂದು ಬಂತು, ಬೆನ್ನಿಗೆ ಕಟ್ಟುವ ಸ್ಪ್ರೇ ಟ್ಯಾಂಕು. ಕತ್ತರಿಸಿದರೆ ಹಸ್ತದ ಮಳೆಗೆ ಮತ್ತೆ ಚಿಗುರುತ್ತದೆ, ಬೇರು ಸಮೇತ ಸಾಯಲಿ ಎಂದು ಬೀದಿಯ ಕೆಲವರು ದುಡ್ಡು ಕೂಡಿಸಿ ಹೊಡೆಸಿದರು. ಕಾಂಪೌಂಡಿನ ಪಕ್ಕ ಬಿದ್ದಿದ್ದ ಡಬ್ಬಿ ತಿರುಗಿಸಿ ನೋಡಿದೆ: ಗ್ಲೈಫೊಸೇಟ್. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದರ ಬಳಕೆಯನ್ನು ಪೆಸ್ಟ್ ಕಂಟ್ರೋಲ್ ಆಪರೇಟರುಗಳಿಗಷ್ಟೇ ಸೀಮಿತಗೊಳಿಸಿ ಆದೇಶ ಹೊರಡಿಸಿದೆ. ನಮ್ಮಲ್ಲಿ ಹೊಡೆದದ್ದು ವಾರಕ್ಕೆರಡು ದಿನ ಬರುವ ಮಾಲಿ, ಕೈಗೆ ಗ್ಲೌಸೂ ಇಲ್ಲದೆ. ಈ ಔಷಧಿ ಕುಡಿದ ಜೇನು ಅಲ್ಲೇ ಸಾಯುತ್ತದೆ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ತೋರಿಸಿದ್ದು, ಅದು ಜೇನಿನ ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕಮ್ಮಿ ಮಾಡುತ್ತದೆ, ಅದರಿಂದ ನೊಣಗಳು ಸೋಂಕಿಗೆ ಸುಲಭವಾಗಿ ತುತ್ತಾಗುತ್ತವೆ ಎಂದು. ಬೀದಿಯ ಲೆಕ್ಕಕ್ಕೆ ಇನ್ನೂ ಸರಳ ಸಂಗತಿ ಸಾಕು: ಹೂವೇ ಇಲ್ಲವಾಗುತ್ತದೆ.

ನಾನಿರುವ ಮನೆಯ ಹಿಂದಿನ ಗೋಡೆಯಲ್ಲಿ ಬಳಕೆಯಿಲ್ಲದ ಹಳೆಯ ಮೀಟರ್ ಬಾಕ್ಸಿದೆ. ಅದರಲ್ಲಿ ಎರಡು ವರ್ಷದಿಂದ ತುಡುವೆಯ ಒಂದು ಕುಟುಂಬವಿತ್ತು. ಬಟ್ಟೆ ಒಣಗಿಸುವಾಗ ದಿನವೂ ನೋಡುತ್ತಿದ್ದೆ. ವಿಜಯದಶಮಿಯ ಮರುದಿನ ಬಾಕ್ಸು ಮೌನ. ಬಾಗಿಲು ಸರಿಸಿದರೆ ಖಾಲಿ ಎರಿ, ತಳದಲ್ಲಿ ಮೇಣದ ಪುಡಿ. ಊಟ ಸಿಗದ ಕಡೆ ಗೂಡು ಬಿಟ್ಟು ಹೋಗುವುದು ತುಡುವೆಯ ಸ್ವಭಾವವೇ. ಸ್ಪ್ರೇಯಿಂದಲೇ ಹೋಯಿತೆಂದು ಸಾಬೀತು ಮಾಡಲು ನಾನು ಕೀಟಶಾಸ್ತ್ರದವಳಲ್ಲ. ಆದರೆ ಮಷೀನು ಮಾತ್ರ ಬಂದಿದ್ದ ಹಿಂದಿನ ಎರಡು ದಸರೆಯಲ್ಲಿ ಅದು ಹೋಗಿರಲಿಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಪೆಟ್ಟಿಗೆ ಪೆಟ್ಟಿಗೆಯೇ ನಾಶವಾದವು. ಅದನ್ನು ದಾಟಿ ಉಳಿದ ವಂಶದವು ಇವು.

ಈಗ ಆಕ್ಷೇಪಗಳು. ಸೊಳ್ಳೆ ಎನ್ನುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಿ: ನಿಮ್ಮ ಹೂಕುಂಡದ ತಟ್ಟೆಯಲ್ಲಿ, ಟೆರೇಸಿನ ಹಳೇ ಟೈರಿನಲ್ಲಿ, ಮುಚ್ಚಳ ಹಾಕದ ಡ್ರಮ್ಮಿನಲ್ಲಿ. ತುಂಬೆ ಗಿಡದಲ್ಲಲ್ಲ. ಪಾರ್ಥೇನಿಯಂ ಅಲರ್ಜಿ ಎನ್ನುತ್ತಾರೆ. ನಿಜ, ನನಗೂ ಇದೆ. ಅದನ್ನು ಹೂ ಬಿಡುವ ಮೊದಲೇ ಕೈಯಿಂದ ಕೀಳಿ, ನಾನೂ ಬರುತ್ತೇನೆ. ಹಾವಿನ ಭಯ ಮಾತ್ರ ತಳ್ಳಿಹಾಕುವಂಥದ್ದಲ್ಲ, ಮಕ್ಕಳು ಓಡಾಡುವ ಜಾಗ. ದಾರಿಯ ಎರಡೂ ಬದಿ ಎರಡು ಅಡಿ ಕತ್ತರಿಸಿ, ಉಳಿದದ್ದನ್ನು ಬಿಡಿ. ಇಡೀ ಸೈಟನ್ನು ಒಂದೇ ದಿನ ಬೋಳಿಸಬೇಕೆಂಬ ಹಟ ಯಾಕೆ?

ಇನ್ನೊಂದು ಗುಂಪಿದೆ, ಅವರ ಮೇಲೆ ನನಗೆ ಇನ್ನೂ ಸಿಟ್ಟು. ಜೇನುಸ್ನೇಹಿ ಎಂದು ಬರೆದ ಬೀಜದ ಪ್ಯಾಕೆಟ್ ತಂದು ಬಾಲ್ಕನಿಯಲ್ಲಿ ಲ್ಯಾವೆಂಡರ್ ಬಿತ್ತುವವರು. ಅದು ನಮ್ಮ ಮಳೆಗೆ ಕೊಳೆತು ಹೋಗುತ್ತದೆ. ಇಂಗ್ಲಿಷಿನವರ ಆಟಮ್ ಎಂದರೆ ಎಲೆ ಉದುರಿ ಹೂವೆಲ್ಲ ಮುಗಿಯುವ ಕಾಲ, ಅವರ ಪಟ್ಟಿ ಅವರಿಗೆ. ನಮ್ಮ ಶರತ್ತು ಮಳೆಯಿಂದ ಎದ್ದು ನೆಲವೆಲ್ಲ ಹೂ ಬಿಡುವ ಕಾಲ. ಬಿತ್ತಬೇಕಾಗಿಯೇ ಇಲ್ಲ, ಕೀಳದಿದ್ದರೆ ಸಾಕು. ದಸರೆಯ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ನೋಡಿ, ಸಾವಿರಾರು ಕುಂಡ, ಕಣ್ಣು ತುಂಬುವಷ್ಟು ಬಣ್ಣ. ಎಸಳಿನ ಮೇಲೆ ಎಸಳು ಬರುವಂತೆ ತಳಿ ಮಾಡಿದ ಆ ಹೂಗಳಲ್ಲಿ ಎಷ್ಟೋ ಹೂವಿಗೆ ಪರಾಗವೂ ಇಲ್ಲ, ಮಕರಂದಕ್ಕೆ ದಾರಿಯೂ ಇಲ್ಲ. ಜೇನಿನ ಪಾಲಿಗೆ ಅದು ಗಾಜಿನೊಳಗಿಟ್ಟ ಮೈಸೂರ್ ಪಾಕು.

ಹಾಗೆಂದು ನಾನು ದೇಶಿ ಗಿಡದ ಭಜನೆಯವಳೂ ಅಲ್ಲ. ಟ್ರೈಡ್ಯಾಕ್ಸ್, ಮುಟ್ಟಿದರೆ ಮುನಿ, ಆಂಟಿಗೋನಾನ್ ಮೂರೂ ಅಮೆರಿಕ ಖಂಡಗಳಿಂದ ಬಂದವು. ಅಜ್ಜಿಯ ಹುಚ್ಚೆಳ್ಳಿನ ಮೂಲ ಇಥಿಯೋಪಿಯ. ಜೇನು ಪಾಸ್‌ಪೋರ್ಟ್ ಕೇಳುವುದಿಲ್ಲ. ಹೊರಗಿನದೆಲ್ಲ ಒಳ್ಳೆಯದೂ ಅಲ್ಲ. ಮೊಗ್ಗು ಚಿವುಟಿ ನೀರು ಚಿಮ್ಮಿಸಿ ಆಡುತ್ತಿದ್ದೆವಲ್ಲ, ಕೆಂಪು ಹೂವಿನ ಆ ಸ್ಪಾತೋಡಿಯ ಮರ, ಅದರ ಹೂವೊಳಗೆ ಮುಜಂಟಿಯ ಜಾತಿಯ ಸಣ್ಣ ಜೇನುಗಳು ಸತ್ತು ಬಿದ್ದಿರುವುದು ದಾಖಲಾಗಿದೆ. ಬ್ರೆಜಿಲ್ಲಿನ ಸಾಂಟಾ ಕಟರೀನಾ ರಾಜ್ಯ 2019ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ನಮ್ಮಲ್ಲಿ ಅದು ಇನ್ನೂ ಅಲಂಕಾರದ ಮರ. ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂಬುದಕ್ಕೆ ದೇಶ ನೋಡಿದರೆ ಸಾಲದು, ಹೂವಿನ ಮುಂದೆ ಹತ್ತು ನಿಮಿಷ ನಿಂತು ನೋಡಬೇಕು.

ಸಾಹಿತ್ಯದವರನ್ನು ಬಿಟ್ಟುಬಿಟ್ಟೆ ಎಂದುಕೊಳ್ಳಬೇಡಿ. ಹಳಗನ್ನಡ ಕಾವ್ಯಗಳ ಋತುವರ್ಣನೆ ನನ್ನ ಪಿಎಚ್‌ಡಿ ವಿಷಯ. ಅಷ್ಟಾದಶ ವರ್ಣನೆಗಳ ಲೆಕ್ಕದಲ್ಲಿ ದುಂಬಿ ಸಿಕ್ಕುವುದೆಲ್ಲ ಬಹುಮಟ್ಟಿಗೆ ವಸಂತದಲ್ಲಿ: ಮಾವು, ಮಲ್ಲಿಗೆ, ಕೋಗಿಲೆಯ ಜೊತೆ. 941ರ ವಿಕ್ರಮಾರ್ಜುನ ವಿಜಯದಲ್ಲಿ ಪಂಪ ಬನವಾಸಿಯಲ್ಲಿ ಮರಿದುಂಬಿಯಾಗಿ ಹುಟ್ಟಲೂ ಆಸೆಪಡುತ್ತಾನೆ. ಆ ಆಸೆ ನಂದನವನಕ್ಕೆ ಸಂಬಂಧಿಸಿದ್ದು, ಬೇಲಿಸಾಲಿಗಲ್ಲ. ಶರತ್ಕಾಲ ಬಂದರೆ ಕವಿಗಳು ತಿಂಗಳ ಬೆಳಕಿಗೆ, ತಿಳಿಗೊಳಕ್ಕೆ, ಹಂಸಕ್ಕೆ ಹೊರಟುಬಿಡುತ್ತಾರೆ. ಹೊಟ್ಟೆ ತುಂಬಿದ ಜೇನನ್ನು ಹಾಡಿದೆವು, ಹಸಿದ ಜೇನನ್ನು ನೋಡಲಿಲ್ಲ. ಜೇನನ್ನು ಕೆಲಸದ ಜೀವವಾಗಿ ಕಂಡ ಕನ್ನಡದ ಪುಸ್ತಕ ಎಂದರೆ ನನಗೆ ಥಟ್ಟನೆ ನೆನಪಾಗುವುದು 1980ರ ಕರ್ವಾಲೊ, ಮಂದಣ್ಣನಂಥ ಜೇನು ಹಿಡಿಯುವವನನ್ನು ವಿಜ್ಞಾನಿಯ ಪಕ್ಕದಲ್ಲೇ ನಿಲ್ಲಿಸಿದ್ದು. ಜನಪದರ ಕಣ್ಣು ಮಾತ್ರ ಮೊದಲಿನಿಂದಲೂ ಚುರುಕು. ದೀಪಾವಳಿಯ ಪಾಡ್ಯದಂದು ನಮ್ಮ ಮನೆಯಲ್ಲಿ ಸಗಣಿಯುಂಡೆಗೆ ಸಿಕ್ಕಿಸುತ್ತಿದ್ದದ್ದು ಹುಚ್ಚೆಳ್ಳು ಹೂ, ಅಣ್ಣೆ ಹೂ, ಉತ್ತರಾಣಿ ಕಡ್ಡಿ. ಆ ಹದಿನೈದು ದಿನದಲ್ಲಿ ಜೇನು ಯಾವುದರ ಮೇಲೆ ಕೂರುತ್ತದೋ ಹೆಚ್ಚುಕಮ್ಮಿ ಅದೇ ಪಟ್ಟಿ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಗಣೇಶನ ಹಬ್ಬದಿಂದ ತುಳಸಿ ಹಬ್ಬದ ತನಕ ಖಾಲಿ ಸೈಟುಗಳನ್ನೂ ಪಾರ್ಕಿನ ಬೇಲಿ ಬುಡವನ್ನೂ ಮುಟ್ಟಬೇಡಿ. ಕತ್ತರಿಸಲೇಬೇಕಾದರೆ ಅರ್ಧ ಈಗ, ಅರ್ಧ ಮೂರು ವಾರ ಬಿಟ್ಟು. ಟ್ಯಾಂಕು ಹೊತ್ತು ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ ಡಬ್ಬಿಯ ಹೆಸರು ಕೇಳಿ.

ಇದನ್ನೆಲ್ಲ ಮೊನ್ನೆ ನಮ್ಮ ಓನರ್ ಆಂಟಿಗೆ ಹೇಳಿದೆ. ಅವರು ಬೃಂದಾವನದ ಮುಂದೆ ನಿಂತು ತುಳಸಿಯ ಕದಿರು ಚಿವುಟುತ್ತಿದ್ದರು, ಗಿಡ ದಟ್ಟವಾಗಲಿ ಎಂದು. ಪ್ರತಿ ಕದಿರಿನಲ್ಲೂ ಹೂವಿತ್ತು, ಎರಡು ಕೋಲುಜೇನು ಅವರ ಕೈಯ ಹತ್ತಿರವೇ ಸುತ್ತುತ್ತಿದ್ದವು. "ಸೈಟು ನಂದಲ್ಲ ಕಣಮ್ಮ, ಅದರ ಓನರ್ ದುಬೈಲಿರೋದು" ಎಂದರು. ತುಳಸಿ ನಿಮ್ಮದೇ ತಾನೇ ಆಂಟಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಚಿವುಟಿದ ಕದಿರುಗಳನ್ನು ಕಟ್ಟೆಯ ಮೇಲಿಟ್ಟು, "ಹಬ್ಬದ ತನಕ ಬಿಡ್ತೀನಿ, ಆಮೇಲೆ ನೀನೇ ಬಂದು ಕಿತ್ತುಕೊಡ್ಬೇಕು" ಎಂದು ಒಳಗೆ ಹೋದರು.