ಟಿ.ಸಿ. ಬರೆಯುವ ಮುನ್ನ, ಮೇಷ್ಟ್ರೇ

ಮೇಷ್ಟ್ರೇ, ಮೇಡಂ, ನಿಮ್ಮನ್ನೇ ಕೇಳುತ್ತಿದ್ದೇನೆ. ದೊಡ್ಡಬಳ್ಳಾಪುರದ ಮಗ್ಗದವರ ಹುಡುಗ ಬಸ್‌ಸ್ಟ್ಯಾಂಡಿನ ಹಿಂದೆ ಸಿಗರೇಟು ಹಚ್ಚಿದರೆ ಕೆಟ್ಟುಹೋದ. ದೇವನಹಳ್ಳಿ ಕಡೆಯ ಲೇಔಟಿನ ಹುಡುಗ ಅಪ್ಪನ ಕಾರಿನೊಳಗೆ ಅದನ್ನೇ ಹಚ್ಚಿದರೆ, ‘ವಯಸ್ಸಲ್ವಾ, ಸರಿಹೋಗ್ತಾನೆ ಬಿಡಿ’. ಸ್ಟಾಫ್ ರೂಮಿನಲ್ಲಿ ಎರಡು ತಕ್ಕಡಿ ಏಕೆ?

2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳು ಮೊಬೈಲ್ ಹುಡುಕಲು ಮಕ್ಕಳ ಬ್ಯಾಗ್ ತೆರೆಸಿದಾಗ ಸಿಗರೇಟು, ಲೈಟರ್, ನಶೆಗೆ ಮೂಸುವ ವೈಟ್‌ನರ್, ಕಾಂಡೋಮ್ ಸಿಕ್ಕವು. ಪೋಷಕರನ್ನು ಕರೆಸಿದರು, ಕೌನ್ಸೆಲಿಂಗ್ ಕೊಡಿಸಿ ಎಂದರು, ಕೆಲವೆಡೆ ಹತ್ತು ದಿನದವರೆಗೆ ರಜೆ ಕೊಟ್ಟರು. ಸರಿಯಾದದ್ದನ್ನೇ ಮಾಡಿದರು, ನನ್ನ ತಕರಾರಿಲ್ಲ. ಅದೇ ವೈಟ್‌ನರ್ ಹೊಸಕೋಟೆಯ ಗಾರೆ ಕೆಲಸದವರ ಮಗನ ಚೀಲದಲ್ಲಿ ಸಿಕ್ಕಿದ್ದರೆ? ತಾಯಿ ಆ ದಿನದ ಕೂಲಿ ಬಿಟ್ಟು ಬಂದು ಬಾಗಿಲಲ್ಲೇ ನಿಂತು ಕೈಮುಗಿಯುತ್ತಾಳೆ. ನಾವು ಅವಳ ಸಂಸಾರದ ಮೇಲೂ ನಾಲ್ಕು ಮಾತಾಡಿ ಕಳಿಸುತ್ತೇವೆ.

ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಚಾಂಬ್ಲಿಸ್ 1973ರಲ್ಲೇ ಇದನ್ನು ಬರೆದಿದ್ದರು. ಒಂದೇ ಹೈಸ್ಕೂಲು, ಉಳ್ಳವರ ಎಂಟು ಹುಡುಗರು, ಬಡವರ ಆರು. ಚಕ್ಕರ್, ಕುಡಿತ, ಕಿಡಿಗೇಡಿತನ ಎರಡೂ ಕಡೆ. ಆದರೂ ಅವರು ಗಮನಿಸಿದ ಎರಡು ವರ್ಷದಲ್ಲಿ ಆ ಎಂಟರಲ್ಲಿ ಒಬ್ಬನನ್ನೂ ಪೊಲೀಸರು ಬಂಧಿಸಲಿಲ್ಲ. ಊರಾಚೆ ಹೋಗಲು ಕಾರಿತ್ತು, ಸಿಕ್ಕಿಬಿದ್ದರೆ ತಲೆತಗ್ಗಿಸಿ ಸಾರಿ ಹೇಳುವ ನಯವಿತ್ತು. ಆ ಆರು ಮಂದಿ ಎಲ್ಲರ ಕಣ್ಣೆದುರೇ ಬೀದಿಯಲ್ಲಿ ನಿಂತಿರುತ್ತಿದ್ದರು. ಅವರಲ್ಲೇ ಇಬ್ಬರಿಗೆ ಫುಟ್‌ಬಾಲ್ ವಿದ್ಯಾರ್ಥಿವೇತನ ಸಿಕ್ಕಿತು. ಕಾಲೇಜು ಮುಗಿಸಿ ಕೋಚ್‌ಗಳಾದರು. ಓದು ಅರ್ಧಕ್ಕೇ ಬಿಟ್ಟ ಇಬ್ಬರು ಕೊಲೆ ಮಾಡಿ ಜೈಲು ಸೇರಿದರು.

ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಒಂಬತ್ತಕ್ಕೆ ಬಂದವನಿಗೆ ಆ ಕಾವಲಿಲ್ಲ, ನಿಮ್ಮ ಮನಸ್ಸಾಕ್ಷಿಯೇ ಗತಿ. ‘ಎಸ್ಸೆಸ್ಸೆಲ್ಸಿ ರಿಸಲ್ಟ್ ಹಾಳಾಗುತ್ತೆ, ಟಿ.ಸಿ. ತಗೊಂಡು ಹೋಗಮ್ಮ’ ಎಂದಿರಲ್ಲ, ಆ ಕಾಗದ ಹಿಡಿದು ಅವನು ಇನ್ನೊಂದು ಶಾಲೆಗೆ ಹೋದನೆಂದುಕೊಂಡಿರಾ? ಪವರ್‌ಲೂಮ್ ಶೆಡ್ಡಿನಲ್ಲಿ, ನೆಲಮಂಗಲದ ಗೋಡೌನಿನಲ್ಲಿ ಹುಡುಕಿ ನೋಡಿ.

ತಪ್ಪನ್ನು ಮುಚ್ಚಿಹಾಕಿ ಎನ್ನುತ್ತಿಲ್ಲ. ಗದರಿ, ಕೂರಿಸಿ ಮಾತಾಡಿ, ತಾಯಿ ಬಂದರೆ ಕುರ್ಚಿ ಕೊಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ, ಕಾಸು ಕೇಳುವುದಿಲ್ಲ, ಅಲ್ಲಿಗೆ ಕಳಿಸಿ. ಎಸ್‌ಡಿಎಂಸಿ ಸದಸ್ಯರೇ, ಮುಂದಿನ ಸಭೆಯಲ್ಲೇ ಠರಾವು ಬರೆಸಿ: ಒಂಬತ್ತು, ಹತ್ತರ ಯಾವ ಮಗುವಿಗೂ ಶಿಸ್ತಿನ ಹೆಸರಲ್ಲಿ ಟಿ.ಸಿ. ಇಲ್ಲ. ಹೆಡ್‌ಮಾಸ್ಟರ ಸಹಿಯೂ ಅದರ ಕೆಳಗಿರಲಿ.